ಅಮಾವಾಸ್ಯೆಗೆ ಮಾಯವಾಗುತ್ತಿದ್ದ ಕಾಲಂ

ಯಾರು ಮಾಡಿದರು ಎಂದು ತಿಳಿಯದಿದ್ದರೆ ನನಗೆ ಊಟ ಸೇರುವುದಿಲ್ಲ. ಚಿಕ್ಕಬಾಣಾವರದಲ್ಲಿ ನಮ್ಮ ಮನೆಯ ಹಿಂದೆ, ಮೊದಲು ರಾಗಿ ಹೊಲವಿದ್ದ ಜಾಗದಲ್ಲಿ ಅಪ್ಪ ಕಟ್ಟಿಸಿದ ಬಾಡಿಗೆ ಮನೆಗಳ ಸಾಲಿದೆ. ಅಲ್ಲಿ ಮಹಡಿಯ ಮೇಲಿನ ಬಟ್ಟೆ ಹಗ್ಗ ಒಂದು ಕಂಬ ಬಿಟ್ಟು ಇನ್ನೊಂದು ಕಂಬಕ್ಕೆ ಹೋಗಿದ್ದರೂ ಸಾಕು, ಯಾರು ಬಿಚ್ಚಿದರು, ಯಾಕೆ ಬಿಚ್ಚಿದರು ಎಂದು ಎಲ್ಲ ಬಾಗಿಲನ್ನೂ ತಟ್ಟಿ ಕೇಳಿಬರುತ್ತೇನೆ. "ಎಲ್ಲಾದ್ರಾಗೂ ಮೂಗು ತೂರಿಸ್ತೀಯ, ಒಂದಿನ ಯಾರಾರ ಕುಯ್ದು ಕೈಗೆ ಕೊಡ್ತಾರೆ ನೋಡು" ಎಂದು ಅಮ್ಮ ಬೈಯುತ್ತಲೇ ಇರುತ್ತಾಳೆ. ಪೀಣ್ಯದ ಒಂದು ವಾಲ್ವ್ ಕಾರ್ಖಾನೆಯಲ್ಲಿ ಡೇಟಾಬೇಸ್ ನೋಡಿಕೊಳ್ಳುವ ಕೆಲಸ ಈ ಮೂಗಿಗೆ ಹೇಳಿ ಮಾಡಿಸಿದ್ದು.

ನನ್ನ ಕೆಲಸ ಏನೆಂದು ಅಮ್ಮನಿಗೆ ಅರ್ಥ ಮಾಡಿಸಲು ಒಂದು ಸಲ ಅಡುಗೆಮನೆಯ ಗೂಡನ್ನೇ ತೋರಿಸಿದ್ದೆ. ಸಾಸಿವೆ ಡಬ್ಬಿಯಲ್ಲಿ ಸಾಸಿವೆ ಹೆಚ್ಚು ಕಡಿಮೆ ಆಗುತ್ತದಲ್ಲ, ಅದು ಡೇಟಾ. ಅದು ದಿನವೂ ಆಗುತ್ತದೆ, ಆಗಲೇಬೇಕು. ಆದರೆ ಗೂಡಿನಲ್ಲಿ ಎಷ್ಟು ಡಬ್ಬಿ ಇರಬೇಕು, ಯಾವುದರ ಮೇಲೆ ಯಾವ ಚೀಟಿ ಇರಬೇಕು ಎನ್ನುವ ಏರ್ಪಾಡು ಇದೆಯಲ್ಲ, ಅದಕ್ಕೆ ನಾವು ಸ್ಕೀಮಾ ಎನ್ನುತ್ತೇವೆ. ಬೆಳಿಗ್ಗೆ ಎದ್ದು ನೋಡಿದರೆ ಸಾಸಿವೆ ಡಬ್ಬಿಯೇ ಇಲ್ಲ ಎಂದರೆ ಸ್ಕೀಮಾ ಬದಲಾಗಿದೆ ಎಂದರ್ಥ. "ಡಬ್ಬೀನೇ ಇಲ್ಲ ಅಂದ್ರೆ ಯಾರೋ ಎತ್ಕೊಂಡೋಗವ್ರೆ ಅಂತ, ಅದ್ಕೇನು ಇಂಗ್ಲಿಷ್ ಎಸ್ರು" ಎಂದಳು ಅಮ್ಮ. ನಾನು ಹೇಳಹೊರಟಿರುವುದು ಹಾಗೆ ಮಾಯವಾಗುತ್ತಿದ್ದ ಒಂದು ಡಬ್ಬಿಯ ವಿಷಯ.

ನಮ್ಮ ಕಾರ್ಖಾನೆಯಲ್ಲಿ ಪ್ರತಿ ವಾಲ್ವಿಗೂ ಒಂದು ಲೇಬಲ್ ಅಂಟಿಸಿ ಮಾದನಾಯಕನಹಳ್ಳಿಯ ಗೋಡೌನಿಗೆ ಕಳಿಸುತ್ತೇವೆ. ಅಲ್ಲಿಂದ ಮಾಲು ಗಿರಾಕಿಗೆ ಹೋಗುತ್ತದೆ. ಹೊಸ ಗಿರಾಕಿಯೊಬ್ಬರು ಲೇಬಲ್ ಮೇಲೆ ಹೀಟ್ ನಂಬರ್ ಕಡ್ಡಾಯ ಎಂದರು. ಒಂದು ಸಲ ಕುಲುಮೆಯಲ್ಲಿ ಕರಗಿಸಿದ ಲೋಹಕ್ಕೆಲ್ಲ ಒಂದು ನಂಬರ್ ಕೊಡುತ್ತಾರೆ. ಮುಂದೆ ಎಂದಾದರೂ ವಾಲ್ವ್ ಬಿರುಕು ಬಿಟ್ಟರೆ ಅದರ ಜೊತೆ ಕರಗಿದ ಉಳಿದ ವಾಲ್ವುಗಳು ಎಲ್ಲೆಲ್ಲಿವೆ ಎಂದು ಹುಡುಕುವುದಕ್ಕೆ. ನಮ್ಮ ಲೇಬಲ್ ಟೇಬಲ್ಲಿನಲ್ಲಿ ಅದಕ್ಕೆ ಜಾಗವೇ ಇರಲಿಲ್ಲ. ಆ ಕಾಲಂ ಸೇರಿಸಿ, ಗಿರಾಕಿಗೆ ಹೊಸ ಲೇಬಲ್ ಮತ್ತು ರಿಪೋರ್ಟ್ ಬರುವ ಹಾಗೆ ಮಾಡಲು ಒಬ್ಬಳು ಹುಡುಗಿಯನ್ನು ಕೆಲಸಕ್ಕೆ ತೆಗೆದುಕೊಂಡರು.

ಹುಡುಗಿ ಟಿ. ದಾಸರಹಳ್ಳಿಯವಳು. ಪೀಣ್ಯದಲ್ಲೇ ಒಂದು ಕಡೆಯಿಂದ ಇನ್ನೊಂದು ಕಡೆಗೆ ಕಾಂಟ್ರಾಕ್ಟ್ ಮೇಲೆ ದುಡಿದು ದುಡಿದು ಬೇಸತ್ತಿದ್ದಳು. ನಮ್ಮಲ್ಲಿ ಟ್ರಯಲ್ ಅವಧಿ ಮುಗಿದರೆ ಪರ್ಮನೆಂಟ್ ಮಾಡುತ್ತೇವೆ ಎಂದಿದ್ದರು. ಬಂದ ವಾರದಲ್ಲೇ ನನ್ನನ್ನು ಅಕ್ಕ ಎನ್ನತೊಡಗಿದಳು. ಕೆಲಸದಲ್ಲಿ ಚುರುಕು, ಮಾತು ಕಡಿಮೆ, ಮಧ್ಯಾಹ್ನ ಡಬ್ಬಿ ತೆರೆದರೆ ಮಾತ್ರ ತುಸು ನಗು. "ಪರ್ಮನೆಂಟ್ ಆಗ್ಲಿ ಅಕ್ಕ, ಆಮೇಲೆ ನೋಡಿ ನನ್ ಬಾಯಿ" ಎನ್ನುತ್ತಿದ್ದಳು. ಅವಳ ಬಾಯಿ ನೋಡಲು ನಾನೂ ಕಾಯುತ್ತಿದ್ದೆ.

ಅವಳು ಕಾಲಂ ಸೇರಿಸಿದಳು. ಲೇಬಲ್ ಚೆನ್ನಾಗಿ ಬಂತು. ಕೆಲವು ವಾರ ಕಳೆದು ಒಂದು ಬೆಳಿಗ್ಗೆ ಗಿರಾಕಿಯ ಗೇಟಿನಿಂದಲೇ ನಮ್ಮ ಲಾರಿ ವಾಪಸ್ ಬಂತು. ಲೇಬಲ್ಲಿನಲ್ಲಿ ಹೀಟ್ ನಂಬರ್ ಇರಬೇಕಾದ ಜಾಗ ಖಾಲಿ. ನೋಡಿದರೆ ಟೇಬಲ್ಲಿನಲ್ಲಿ ಆ ಕಾಲಮ್ಮೇ ಇಲ್ಲ! ಯಾರೋ ಅಳಿಸಿದ್ದಾರೆ. ಬ್ಯಾಕಪ್ಪಿನಿಂದ ಸಿಕ್ಕಷ್ಟು ನಾನು ತೆಗೆದುಕೊಟ್ಟೆ, ಉಳಿದದ್ದನ್ನು ಹುಡುಗಿ ಹೀಟ್ ನಂಬರ್ ಬರೆದಿರುವ ಫೌಂಡ್ರಿ ಸರ್ಟಿಫಿಕೇಟುಗಳನ್ನು ಗುಡ್ಡೆ ಹಾಕಿಕೊಂಡು ಒಂದೊಂದಾಗಿ ಟೈಪ್ ಮಾಡಿದಳು. ಮುಂದಿನ ತಿಂಗಳು ಮತ್ತೆ ಹಾಗೇ ಆಯಿತು. ಅದೇ ಟೇಬಲ್, ಅದೇ ಕಾಲಂ.

ಮ್ಯಾನೇಜರಿಗೆ ಕಾರಣ ಹುಡುಕುವುದಕ್ಕಿಂತ ತಲೆ ಹುಡುಕುವುದು ಮುಖ್ಯ. ಗೂಬೆ ಕೂರಿಸಲು ಒಂದು ತಲೆ ಬೇಕಲ್ಲ. "ಕಾಲಂ ಸೇರಿಸಿದೋರು ಯಾರು? ಅವ್ಳೇ. ತೆಗೆಯೋಕೆ ಬರೋದು ಯಾರಿಗೆ? ಅವ್ಳಿಗೇ. ಏನೋ ಟ್ರೈ ಮಾಡೋಕ್ ಹೋಗಿ ಡಿಲೀಟ್ ಮಾಡ್ತಾಳೆ, ಆಮೇಲೆ ಬಾಯ್ ಮುಚ್ಕೊಂಡ್ ಕೂತ್ಕೋತಾಳೆ" ಎಂದರು. ಹುಡುಗಿಯನ್ನು ಕರೆಸಿ ಕೇಳಿದರು. "ನಾನಲ್ಲ ಸಾರ್" ಎಂದಳು. ಅವರು ಕಿವಿಗೆ ಹಾಕಿಕೊಳ್ಳಲಿಲ್ಲ.

ಆ ರಾತ್ರಿ ಊಟ ಮಾಡುತ್ತ ಗೋಡೆಯ ಕ್ಯಾಲೆಂಡರ್ ನೋಡಿದೆ. ಬಾಡಿಗೆದಾರರು ಕರೆಂಟು ಬಿಲ್ಲು ಕಟ್ಟಿದ ದಿನಗಳಿಗೆಲ್ಲ ಅಮ್ಮ ಅದರಲ್ಲಿ ಸುತ್ತು ಹಾಕಿರುತ್ತಾಳೆ. ಲಾರಿ ವಾಪಸ್ ಬಂದ ಎರಡೂ ದಿನಗಳನ್ನು ಹುಡುಕಿದೆ. ಎರಡರ ಹಿಂದಿನ ದಿನವೂ ಕಪ್ಪು ದುಂಡು ಬೊಟ್ಟು. ಅಮಾವಾಸ್ಯೆ. ಅಮ್ಮನಿಗೆ ತೋರಿಸಿದೆ. "ಮತ್ತೆ? ಅಮಾಸೆ ದಿನ ಅಂಗೇ ಕಣೇ, ಇದ್ದಿದ್ದು ಇಲ್ದಂಗಾಯ್ತದೆ. ಒಂದು ನಿಂಬೆಹಣ್ಣು ಕುಯ್ದು ಆಕು ನಿನ್ ಕಂಪ್ಯೂಟ್ರಿಗೆ" ಎಂದು ಸಾರು ಬಡಿಸಿದಳು. ನನಗೆ ನಗು ಬಂತು, ಆದರೆ ಊಟ ಸೇರಲಿಲ್ಲ. ಅಳಿಸುವವರು ಪಂಚಾಂಗ ನೋಡಿ ಅಳಿಸುತ್ತಾರೆಯೇ?

ಅಮಾವಾಸ್ಯೆ ಎಂದರೆ ನಮ್ಮ ಕಾರ್ಖಾನೆಯಲ್ಲಿ ದೊಡ್ಡ ದಿನ. ಲೇತು, ಡ್ರಿಲ್ಲು, ಕಂಪ್ಯೂಟರು, ಎಲ್ಲವನ್ನೂ ಆಫ್ ಮಾಡಿ, ಒರೆಸಿ, ವಿಭೂತಿ ಪಟ್ಟೆ ಎಳೆದು ಕುಂಕುಮ ಇಟ್ಟು ಹೂ ಮುಡಿಸುತ್ತಾರೆ. ಸಾಂಬ್ರಾಣಿ ಹೊಗೆ ಕಾರ್ಖಾನೆ ತುಂಬ. ಮಂಗಳಾರತಿ ಆದ ಮೇಲೆ ಯಜಮಾನರು ತಮ್ಮ ಕೈಯಾರೆ ಮೊದಲ ಸ್ವಿಚ್ ಹಾಕುತ್ತಾರೆ, ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ, ಆಮೇಲೆ ಉಳಿದ ಮಿಷನ್ನುಗಳು ಒಂದೊಂದಾಗಿ ಗುಂಯ್ ಎನ್ನುತ್ತವೆ. ಕೊನೆಗೆ ಗೇಟಿನ ಮುಂದೆ ಬೂದುಗುಂಬಳಕಾಯಿ ಒಡೆಯುತ್ತಾರೆ. ಸರ್ವರನ್ನು ಮಾತ್ರ ಆಫ್ ಮಾಡಲು ನಾನು ಬಿಟ್ಟಿಲ್ಲ. ಸೇರಿದ ಹೊಸದರಲ್ಲಿ ಅದಕ್ಕಾಗಿ ಮ್ಯಾನೇಜರ ಜೊತೆ ಜಗಳವನ್ನೇ ಆಡಿದ್ದೆ. ಕೊನೆಗೆ ಸರ್ವರ್ ರೂಮಿನ ಗಾಜಿನ ಬಾಗಿಲಿಗೆ ಮಾತ್ರ ಕುಂಕುಮ ಇಡುವುದೆಂದು ರಾಜಿಯಾಯಿತು.

ಸರಿ, ಬಾಯಿಮಾತು ಬಿಟ್ಟು ಸರ್ವರನ್ನೇ ಕೇಳೋಣ ಎಂದುಕೊಂಡೆ. ಯಾರು ಏನು ಹೇಳಿದರು ಎಂದು ಬರೆದಿಟ್ಟುಕೊಳ್ಳುವ ಅಭ್ಯಾಸ ಡೇಟಾಬೇಸ್ ಸರ್ವರಿಗೆ ಇದೆ. ಅದನ್ನು ಲಾಗ್ ಎನ್ನುತ್ತಾರೆ. ಆದರೆ ನಾವು ಹೇಳಿದಷ್ಟನ್ನೇ ಅದು ಬರೆಯುತ್ತದೆ. ಸೆಟ್ಟಿಂಗ್ ಫೈಲಿನಲ್ಲಿ ಅದಕ್ಕೆಂದೇ ಒಂದು ಸಾಲಿದೆ. ಏನೂ ಬರೆಯಬೇಡ ಎನ್ನಬಹುದು. ಡಬ್ಬಿಗಳ ಏರ್ಪಾಡು ಬದಲಾಯಿಸುವ ಆಜ್ಞೆಗಳನ್ನು ಮಾತ್ರ ಬರೆ ಎನ್ನಬಹುದು. ಒಳಗಿನ ಸಾಸಿವೆ ಹೆಚ್ಚು ಕಡಿಮೆ ಮಾಡುವುದನ್ನೂ ಬರೆ ಎನ್ನಬಹುದು. ಇಲ್ಲವೇ ಸುಮ್ಮನೆ ಇಣುಕಿ ನೋಡಿದ್ದನ್ನೂ ಸೇರಿಸಿ ಎಲ್ಲ ಬರೆ ಎನ್ನಬಹುದು. ನಮ್ಮಲ್ಲಿ ಅದು ಏನೂ ಬರೆಯಬೇಡ ಎಂಬಲ್ಲೇ ನಿಂತಿತ್ತು. ಇಷ್ಟು ವರ್ಷ ಸರ್ವರ್ ಎಲ್ಲ ನೋಡಿಕೊಂಡು ಬಾಯಿ ಹೊಲಿದುಕೊಂಡು ಕೂತಿತ್ತು.

ನನ್ನದು ಆಸೆಬುರುಕ ಕುತೂಹಲ. ಎಲ್ಲ ಬರೆ ಎಂದುಬಿಟ್ಟೆ. ಅಬ್ಬಬ್ಬಾ! ಪ್ರತಿ ಮಿಷನ್ನಿನ ಪಕ್ಕದ ಪರದೆಯೂ ಕಣ್ಣು ಮಿಟುಕಿಸಿದಂತೆ ಕ್ಷಣಕ್ಷಣಕ್ಕೂ ಸರ್ವರನ್ನು ಏನಾದರೊಂದು ಕೇಳುತ್ತಲೇ ಇರುತ್ತದೆ. ಅದು ನನಗೆ ಗೊತ್ತಿತ್ತು, ಆದರೆ ಇಷ್ಟು ಎಂದು ಗೊತ್ತಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಡಿಸ್ಕ್ ತುಂಬಿ ಸರ್ವರ್ ಉಸಿರು ಕಟ್ಟಿ ನಿಂತಿತು. ಲೇತಿನ ಸಾಲಿನಿಂದ ಪ್ಯಾಕಿಂಗಿನವರೆಗೆ ಎಲ್ಲ ಪರದೆಗಳೂ ಗಪ್‌ಚುಪ್. "ಏನ್ ಮೇಡಂ, ಕಳ್ಳನ್ನ ಹಿಡಿಯೋಕೆ ಹೋಗಿ ಮನೇಗೇ ಬೆಂಕಿ ಇಟ್ರಾ?" ಎಂದು ಮ್ಯಾನೇಜರ್ ಎಲ್ಲರ ಎದುರು ಉಗಿದರು. ಸಿಟ್ಟು ನೆತ್ತಿಗೇರಿತು, ಆದರೆ ಬೆಂಕಿ ಇಟ್ಟದ್ದು ನಿಜ. ಲಾಗ್ ಅಳಿಸಿ ಜಾಗ ಮಾಡಿ, ಏರ್ಪಾಡು ಬದಲಾಯಿಸುವ ಆಜ್ಞೆಗಳನ್ನು ಮಾತ್ರ ಬರೆ ಎಂದು ತಿದ್ದಿದೆ. ಆಮೇಲೆ ಲಾಗ್ ಎಷ್ಟು ಶಾಂತವಾಯಿತೆಂದರೆ ದಿನಗಟ್ಟಲೆ ಒಂದು ಸಾಲೂ ಬೀಳುತ್ತಿರಲಿಲ್ಲ. ನಾನು ಬೆಳಿಗ್ಗೆ ಕಾಫಿ ಕುಡಿಯುತ್ತ ಆ ಖಾಲಿ ಫೈಲನ್ನು ತೆರೆದು ನೋಡುವುದು, ಮುಚ್ಚುವುದು.

ಮುಂದಿನ ಅಮಾವಾಸ್ಯೆ ಬಂತು. ಬೆಳಿಗ್ಗೆ ಕಾಲಂ ಇತ್ತು. ಪೂಜೆ ಮುಗಿಸಿ, ಪ್ರಸಾದದ ಕಡಲೆಪುರಿ ಮುಕ್ಕುತ್ತ ಬಂದು ನೋಡುತ್ತೇನೆ, ಕಾಲಂ ಇಲ್ಲ! ಲಾಗ್ ತೆರೆದೆ. ಒಂದೇ ಒಂದು ಸಾಲು ಇತ್ತು. ಲೇಬಲ್ ಟೇಬಲ್ಲಿನಿಂದ ಹೀಟ್ ನಂಬರ್ ಕಾಲಂ ತೆಗೆದುಹಾಕು ಎಂಬ ಆಜ್ಞೆ, ಅದರ ಮುಂದೆ ಹೊತ್ತು. ಸರಿಯಾಗಿ ಮಂಗಳಾರತಿ ಮುಗಿದ ಹೊತ್ತು. ಆದರೆ ಯಾರ ಆಜ್ಞೆ ಎಂದು ನೋಡಹೋದರೆ ಆ ಸಾಲಿನಲ್ಲಿ ಏನೂ ಇಲ್ಲ. ಹೆಸರು ಬರೆ ಎಂದು ನಾನು ಹೇಳಿಯೇ ಇರಲಿಲ್ಲ. ಹೇಳಿದ್ದರೂ ಪ್ರಯೋಜನವಿರಲಿಲ್ಲ, ನಮ್ಮಲ್ಲಿ ಎಲ್ಲರಿಗೂ, ಎಲ್ಲ ಕಂಪ್ಯೂಟರಿಗೂ ಒಂದೇ ಲಾಗಿನ್, ಒಂದೇ ಪಾಸ್‌ವರ್ಡ್. ಅದನ್ನು ಸ್ಟೋರ್ಸಿನಲ್ಲಿ ದೇವರ ಫೋಟೋದ ಕೆಳಗೆ ಅಂಟಿಸಿದ್ದರು. ಬೇರೆ ಬೇರೆ ಮಾಡೋಣ ಎಂದು ನಾನು ಎಷ್ಟೋ ಸಲ ಬಾಯಿ ಬಡಿದುಕೊಂಡಿದ್ದೆ. "ಒಂದೇ ಮನೆಯೋರು ನಾವು, ಒಬ್ಬೊಬ್ರಿಗೆ ಒಂದೊಂದು ಬೀಗ ಯಾಕೆ ಮೇಡಂ" ಎಂಬುದು ಮ್ಯಾನೇಜರ ಉತ್ತರವಾಗಿತ್ತು.

ಈಗ ಆ ಒಂದೇ ಸಾಲು ಹುಡುಗಿಯ ಕುತ್ತಿಗೆಗೆ ಬಂತು. ಮಂಗಳಾರತಿಯ ಹೊತ್ತಿಗೆ ಇಡೀ ಕಾರ್ಖಾನೆ ಪ್ಯಾಕಿಂಗ್ ಹಾಲಿನಲ್ಲಿ ಕೈ ಮುಗಿದು ನಿಂತಿತ್ತು, ನಾನೂ ಸೇರಿ. ನಿಂತಿರದಿದ್ದವಳು ಅವಳೊಬ್ಬಳೇ. ಪ್ರತಿ ಅಮಾವಾಸ್ಯೆಯೂ ಅವಳು ಪೂಜೆಗೆ ಬರುತ್ತಿರಲಿಲ್ಲ, ಸರ್ವರ್ ರೂಮಿನ ಗಾಜಿನ ಬಾಗಿಲು ಹಾಕಿಕೊಂಡು ಲ್ಯಾಪ್‌ಟಾಪ್ ಮುಂದೆ ಕೂತಿರುತ್ತಿದ್ದಳು. "ನಿಮ್ ಲಾಗೇ ಹೇಳ್ತಿದ್ಯಲ್ಲ ಮೇಡಂ! ಎಲ್ರೂ ದೇವ್ರ ಮುಂದೆ, ಇವ್ಳೊಬ್ಳು ಸರ್ವರ್ ಮುಂದೆ. ಇನ್ನೇನ್ ಬೇಕು ಸಾಕ್ಷಿ?" ಎಂದರು ಮ್ಯಾನೇಜರ್. ಅವಳ ಸಹಾಯಕ್ಕೆಂದು ನಾನೇ ತೆರೆಸಿದ ಸರ್ವರಿನ ಬಾಯಿ ಅವಳ ಮೇಲೇ ಚಾಡಿ ಹೇಳಿದಂತಾಯಿತು.

ಅವಳನ್ನು ಯಜಮಾನರ ಕೊಠಡಿಗೆ ಕರೆದುಕೊಂಡು ಹೋದರು. ಯಜಮಾನರು ಎಪ್ಪತ್ತರ ಹತ್ತಿರದವರು, ಒಂದೇ ಲೇತಿನಿಂದ ಶುರುಮಾಡಿದವರು, ಯಾರಿಗೂ ಗದರದ ಮನುಷ್ಯ. "ನಿಜ ಹೇಳಮ್ಮ, ಬೈಯಲ್ಲ" ಎಂದರು. "ನಾನಲ್ಲ ದೊಡ್ಡ ಸಾರ್" ಎಂದಳು. "ಮತ್ತೆ ಪೂಜೆಗ್ಯಾಕೆ ಬರಲ್ಲ?" ಎಂದಾಗ ನೆಲ ನೋಡುತ್ತ ನಿಂತಳು. ಅದೂ ಅವಳ ಲೆಕ್ಕಕ್ಕೇ ಬಿತ್ತು. ಟ್ರಯಲ್ ಅವಧಿ ಮುಗಿಯುತ್ತ ಬಂದಿತ್ತು. ಪರ್ಮನೆಂಟ್ ಮಾಡುವ ಕಾಗದಕ್ಕೆ ಸಹಿ ಆಗಬೇಕಿತ್ತು. "ಇನ್ನೊಂದು ಸಲ ಕಾಲಂ ಹೋದ್ರೆ ಆ ಕಾಗದ ಹರಿದು ಹಾಕೋದೇ" ಎಂದು ಮ್ಯಾನೇಜರ್ ಯಜಮಾನರ ಎದುರೇ ಹೇಳಿದರು. ಯಜಮಾನರು ಬೇಡ ಎನ್ನಲಿಲ್ಲ.

ನಾನು ಅವಳನ್ನು ಹಿಂಬಾಲಿಸಿ ಕ್ಯಾಂಟೀನಿಗೆ ಹೋದೆ. ಸಿಟ್ಟಿನಲ್ಲೇ ಇದ್ದೆ. "ಏನೇ ನಿಂದು? ಆ ಒಂದು ಗಂಟೆ ಎಲ್ರ ಜೊತೆ ಬಂದು ನಿಂತ್ಕೊಂಡ್ರೆ ನಿನ್ ಗಂಟೇನು ಹೋಗತ್ತೆ?" ಎಂದು ಕೇಳಿದೆ. ಅವಳು ಬ್ಯಾಗಿನಿಂದ ನೀಲಿ ಬಣ್ಣದ ಇನ್‌ಹೇಲರ್ ತೆಗೆದು ಮೇಜಿನ ಕೆಳಗೇ ತೋರಿಸಿ ಒಳಗಿಟ್ಟಳು. "ಸಾಂಬ್ರಾಣಿ ಹೊಗೆ ಆಗಲ್ಲ ಅಕ್ಕ. ಎರಡೇ ನಿಮಿಷ, ಗೊರಗೊರ ಶುರುವಾಗಿಬಿಡತ್ತೆ. ಸರ್ವರ್ ರೂಮಿಗೆ ಮಾತ್ರ ಹೊಗೆ ಬರಲ್ಲ. ಹಿಂದಿನ ಕಂಪನೀಲಿ ಹೀಗೇ ಕೆಮ್ಮಿದ್ದಕ್ಕೆ, ಫೌಂಡ್ರಿ ಧೂಳಲ್ಲಿ ನಿನಗಾಗಲ್ಲ ಬಿಡಮ್ಮ ಅಂತ ಕಳಿಸಿಬಿಟ್ರು. ಇಲ್ಲೂ ಹೇಳಿದ್ರೆ ಪರ್ಮನೆಂಟ್ ಮಾಡ್ತಾರಾ?" ಎಂದಳು. ಬ್ಯಾಗಿನ ಜಿಪ್ ಎಳೆಯುತ್ತ, "ಕಾಲಂ ತೆಗ್ದಿದ್ದು ನಾನಲ್ಲ ಅಕ್ಕ" ಎಂದಳು.

ಅಯ್ಯೋ ಪಾಪ ಎನಿಸಿತು. ಆದರೂ ನನ್ನ ಮೂಗು ಸುಮ್ಮನಿರಬೇಕಲ್ಲ. ಇವಳಲ್ಲದಿದ್ದರೆ ಮತ್ತ್ಯಾರು? ಎಲ್ಲರೂ ಕೈ ಮುಗಿದು ನಿಂತಿರುವಾಗ ಯಾರ ಕೈ ಖಾಲಿ ಇತ್ತು? "ಆಯ್ತು, ನೋಡೋಣ ಬಿಡು" ಎಂದೆ. ಅವಳು ಡಬ್ಬಿ ತೊಳೆಯಲು ಎದ್ದು ಹೋದಳು.

ಲಾಗಿನ ಪ್ರತಿ ಸಾಲಿನ ಮುಂದೆ ಏನೇನು ಬರೆಯಬೇಕು ಎಂದು ಹೇಳುವ ಇನ್ನೊಂದು ಸಾಲು ಅದೇ ಸೆಟ್ಟಿಂಗ್ ಫೈಲಿನಲ್ಲಿದೆ. ಹೊತ್ತಿನ ಜೊತೆಗೆ ಲಾಗಿನ್ ಹೆಸರು, ಯಾವ ಪ್ರೋಗ್ರಾಮು, ಯಾವ ಕಂಪ್ಯೂಟರಿನ ವಿಳಾಸದಿಂದ ಎಂದೆಲ್ಲ ಸೇರಿಸಿದೆ. ಲಾಗಿನ್ ಎಲ್ಲರದೂ ಒಂದೇ ಆದರೂ ನೆಟ್‌ವರ್ಕಿನಲ್ಲಿ ಪ್ರತಿ ಕಂಪ್ಯೂಟರಿಗೂ ತನ್ನದೇ ವಿಳಾಸ ಇರುತ್ತದೆ, ಅದನ್ನು ನಾನೇ ಎಲ್ಲದರ ಮೇಲೂ ಚೀಟಿ ಅಂಟಿಸಿ ಬರೆದಿದ್ದೆ. ಸರ್ವರನ್ನು ನಿಲ್ಲಿಸದೆ ಸೆಟ್ಟಿಂಗನ್ನು ಇನ್ನೊಮ್ಮೆ ಓದಿಸಿದರೆ ಸಾಕು. ಪರೀಕ್ಷೆಗೆಂದು ನನ್ನ ಕಂಪ್ಯೂಟರಿನಿಂದ ಒಂದು ಪುಟ್ಟ ಟೇಬಲ್ ಮಾಡಿ ಅಳಿಸಿದೆ. ಎರಡೂ ಸಾಲಿನಲ್ಲಿ ನನ್ನ ವಿಳಾಸ ಬಂತು. ನಾನೇ ಸಿಕ್ಕಿಬಿದ್ದ ಖುಷಿಗೆ ಮೇಜು ಕುಟ್ಟಿದೆ. ಇನ್ನು ಅಮಾವಾಸ್ಯೆ ಬರಬೇಕಿತ್ತು.

ಕಾಯುವಾಗ ತಲೆ ಕೆಟ್ಟು ಮೊಸರು ಗಡಿಗೆಯಾಗಿತ್ತು. ಕಂಡಕಂಡವರ ಮೇಲೆಲ್ಲ ಅನುಮಾನ. ಮ್ಯಾನೇಜರೇ ಇರಬಹುದೇ? ಅವರಿಗೆ ಎಕ್ಸೆಲ್ಲಿನಲ್ಲಿ ಕಾಲಂ ಅಗಲ ಮಾಡಲೂ ನಾನೇ ಬೇಕು. ಅಮಾವಾಸ್ಯೆಯ ಹಿಂದಿನ ದಿನ ಹುಡುಗಿಗೆ ಹೇಳಿದೆ: "ನಾಳೆ ಒಂದಿನ ಗೇಟಿನ ಹೊರಗೆ ಟೀ ಅಂಗಡಿ ಹತ್ರ ನಿಂತ್ಕೋ. ಹೊಗೆಯೂ ಇರಲ್ಲ, ಯಾರ ಬಾಯಿಗೂ ಸಿಕ್ಕಲ್ಲ." ಅವಳು ತಲೆ ಎತ್ತಿ ನೋಡಿದಳು. "ನಾನ್ಯಾಕೆ ಜಾಗ ಬದಲಾಯಿಸ್ಲಿ ಅಕ್ಕ? ತಪ್ಪು ಮಾಡಿದೋರು ತಾನೆ ಆಚೆ ಈಚೆ ಹೋಗೋದು. ನಾನು ಅಲ್ಲೇ ಕೂತ್ಕೊತೀನಿ." ಪರ್ಮನೆಂಟ್ ಆಗುವ ಮೊದಲೇ ಅವಳ ಬಾಯಿ ನೋಡಿದ್ದು ಅವತ್ತೇ.

ಮರುದಿನ ಸಾಂಬ್ರಾಣಿ ಹೊಗೆ ಎದ್ದಿತು. ಗಾಜಿನ ಹಿಂದೆ ಹುಡುಗಿ ಕೂತಿದ್ದಳು. ನಾನು ಪ್ಯಾಕಿಂಗ್ ಹಾಲಿನಲ್ಲಿ ನಿಂತೆ, ಮನಸ್ಸು ದೇವರ ಮೇಲೆ ಎಳ್ಳಷ್ಟೂ ಇರಲಿಲ್ಲ. ಮಂಗಳಾರತಿ ಆಯಿತು, ಯಜಮಾನರು ಮೊದಲ ಸ್ವಿಚ್ ಹಾಕಿದರು, ಚಪ್ಪಾಳೆ ಬಿತ್ತು. ಕುಂಬಳಕಾಯಿ ಒಡೆಯುವುದಕ್ಕೂ ನಿಲ್ಲದೆ ನನ್ನ ಮೇಜಿಗೆ ಓಡಿದೆ. ಕಾಲಂ ಹೋಗಿತ್ತು. ಲಾಗಿನಲ್ಲಿ ಸಾಲು ಬಿದ್ದಿತ್ತು. ಲಾಗಿನ್ ಎಲ್ಲರದು. ಪ್ರೋಗ್ರಾಮಿನ ಹೆಸರು ಖಾಲಿ. ವಿಳಾಸ ಮಾತ್ರ ಇತ್ತು. ಮೊದಲು ಹುಡುಗಿಯ ಲ್ಯಾಪ್‌ಟಾಪಿನ ವಿಳಾಸ ನೋಡಿದೆ. ಅದಲ್ಲ.

ಆ ನಂಬರನ್ನು ಅಂಗೈಯಲ್ಲಿ ಬರೆದುಕೊಂಡು ಒಂದೊಂದೇ ಕಂಪ್ಯೂಟರಿನ ಚೀಟಿ ನೋಡುತ್ತ ಹೊರಟೆ. ಸ್ಟೋರ್ಸಿನದಲ್ಲ. ಲೆಕ್ಕಪತ್ರದ ಕೋಣೆಯದಲ್ಲ. ಮ್ಯಾನೇಜರದೂ ಅಲ್ಲ, ತುಸು ನಿರಾಸೆಯಾಯಿತು. ಇನ್‌ಸ್ಪೆಕ್ಷನ್ನಿನದಲ್ಲ. ಕೊನೆಗೆ ಉಳಿದದ್ದು ಪ್ಯಾಕಿಂಗ್ ಹಾಲಿನ ಮೂಲೆಯ ಲೇಬಲ್ ಕಂಪ್ಯೂಟರ್. ಹೂವಿನ ಹಾರ ಪಕ್ಕಕ್ಕೆ ಸರಿಸಿ, ವಿಭೂತಿ ಬೆರಳಿನಿಂದ ಒರೆಸಿ ಚೀಟಿ ಓದಿದೆ. ಅದೇ. ಅದರ ಮುಂದೆ ಕರ್ಪೂರ ಇನ್ನೂ ಉರಿಯುತ್ತಿತ್ತು.

ಅದು ಈ ಕಾರ್ಖಾನೆಯ ಮೊಟ್ಟಮೊದಲ ಕಂಪ್ಯೂಟರ್. ಅದರೊಳಗೆ ಯಾವ ಕಾಲದಲ್ಲೋ ಯಾರೋ ಬರೆದುಕೊಟ್ಟ ಲೇಬಲ್ ಪ್ರೋಗ್ರಾಮು. ಹೊಸ ಗಿರಾಕಿಯ ಲೇಬಲ್ ಹುಡುಗಿಯ ಪ್ರೋಗ್ರಾಮಿನಿಂದ ಬಂದರೂ ಹಳೆಯ ಗಿರಾಕಿಗಳದು ಇನ್ನೂ ಇದರಿಂದಲೇ. ಬರೆದವರು ಅಂಗಡಿ ಮುಚ್ಚಿ ಎಲ್ಲಿಗೋ ಹೋಗಿದ್ದಾರೆ. ಅಲ್ಲೇ ಸ್ಟೂಲ್ ಎಳೆದುಕೊಂಡು ಕೂತು ಅದರ ಫೈಲುಗಳನ್ನು ಕೆದಕಿದೆ. ಆ ಪ್ರೋಗ್ರಾಮು ಶುರುವಾದಾಗಲೆಲ್ಲ ಲೇಬಲ್ ಟೇಬಲ್ಲನ್ನು ತನಗೆ ಗೊತ್ತಿರುವ ಹಳೆಯ ಏರ್ಪಾಡಿಗೆ ಹೋಲಿಸಿ ನೋಡುತ್ತದೆ, ತನಗೆ ಗೊತ್ತಿಲ್ಲದ ಡಬ್ಬಿ ಕಂಡರೆ ಕಸ ಎಂದು ಎತ್ತಿ ಎಸೆಯುತ್ತದೆ! ಯುಪಿಎಸ್ ಮೇಲಿರುವ ಮಿಷನ್ನು, ಕರೆಂಟು ಹೋದರೂ ಆಫ್ ಆಗುವುದಿಲ್ಲ. ಅದು ಆಫ್ ಆಗಿ ಆನ್ ಆಗುವುದು ತಿಂಗಳಿಗೊಮ್ಮೆ, ಅಮಾವಾಸ್ಯೆ ಪೂಜೆಗೆ ಮಾತ್ರ. ಹೊಸ ಕಾಲಂ ಬರುವವರೆಗೂ ಎಸೆಯಲು ಏನೂ ಇರಲಿಲ್ಲವಾದ್ದರಿಂದ ಯಾರಿಗೂ ತಿಳಿದಿರಲಿಲ್ಲ. ಖುಷಿಗೆ ನಾನು ಒಬ್ಬಳೇ ಜೋರಾಗಿ ನಕ್ಕುಬಿಟ್ಟೆ. ಕುಂಬಳಕಾಯಿ ಒಡೆದು ಒಳಗೆ ಬಂದವರು ನನಗೆ ಮೈಮೇಲೆ ಬಂದಿದೆ ಎಂದುಕೊಂಡರೋ ಏನೋ.

ಲಾಗ್ ಸಾಲನ್ನು ಪ್ರಿಂಟ್ ತೆಗೆದು ಯಜಮಾನರ ಕೊಠಡಿಗೆ ಹೋದೆ. ಮ್ಯಾನೇಜರ್ ಆಗಲೇ ಅಲ್ಲಿ ಕೂತಿದ್ದರು, ಕಾಲಂ ಹೋದ ಸುದ್ದಿ ಅವರಿಗೆ ಮುಟ್ಟಿತ್ತು. ಹುಡುಗಿಯನ್ನೂ ಕರೆಸಿದ್ದರು. ಅವಳು ಗೋಡೆಗೆ ಒರಗಿ ನಿಂತಿದ್ದಳು, ಕೈಯಲ್ಲಿ ಬ್ಯಾಗಿತ್ತು. ಹೋಗಲು ಸಿದ್ಧಳಾಗಿಯೇ ಬಂದಿದ್ದಳು.

"ಯಾರು ಅಂತ ಗೊತ್ತಾಯ್ತು ಸಾರ್" ಎಂದೆ.

"ಗೊತ್ತಿರೋದೇ ತಾನೆ ಮೇಡಂ" ಎಂದರು ಮ್ಯಾನೇಜರ್.

ಯಜಮಾನರು ಕನ್ನಡಕ ಏರಿಸಿಕೊಂಡರು. "ಯಾರಮ್ಮ?"

"ನೀವೇ ಸಾರ್."

ಮ್ಯಾನೇಜರ ಮುಖ ಹುಳ್ಳಗಾಯಿತು. ನಾನು ಹೇಳಿದೆ, "ಮಂಗಳಾರತಿ ಆದ ಮೇಲೆ ಮೊದಲು ಸ್ವಿಚ್ ಹಾಕ್ತೀರಲ್ಲ ಸಾರ್, ಮೂಲೇಲಿರೋ ಲೇಬಲ್ ಕಂಪ್ಯೂಟ್ರಿಗೆ. ನೀವು ಸ್ವಿಚ್ ಹಾಕ್ತೀರಿ, ಅದು ಎದ್ದ ತಕ್ಷಣ ಕಾಲಂ ತೆಗೆಯತ್ತೆ." ಯಜಮಾನರು ನಂಬಲಿಲ್ಲ. ಆ ಕಂಪ್ಯೂಟರ್ ಅವರ ಪಾಲಿಗೆ ಲಕ್ಷ್ಮಿ. "ತೋರ್ಸಮ್ಮ ನೋಡೋಣ" ಎಂದು ಎದ್ದರು.

ಎಲ್ಲರೂ ಪ್ಯಾಕಿಂಗ್ ಹಾಲಿಗೆ ಹೋದೆವು. ಹುಡುಗಿ ದುಪಟ್ಟಾ ಮೂಗಿಗೆ ಒತ್ತಿಕೊಂಡಿದ್ದಳು, ಹೊಗೆ ಇನ್ನೂ ಆರಿರಲಿಲ್ಲ. ಅವಳು ನನ್ನ ಲ್ಯಾಪ್‌ಟಾಪಿನಲ್ಲಿ ಕಾಲಂ ಮತ್ತೆ ಸೇರಿಸಿದಳು. ಲಾಗಿನಲ್ಲಿ ಒಂದು ಸಾಲು ಬಿತ್ತು, ನನ್ನ ವಿಳಾಸದಿಂದ. ಯಜಮಾನರು ಲೇಬಲ್ ಕಂಪ್ಯೂಟರನ್ನು ಆಫ್ ಮಾಡಿ, ಅಭ್ಯಾಸಬಲದಿಂದ ಕೈ ಮುಗಿದು, ಆನ್ ಮಾಡಿದರು. ಅದು ಗೊರಗೊರ ಎಂದು ಎದ್ದು, ಪ್ರೋಗ್ರಾಮು ತೆರೆಯಿತು. ಲಾಗಿನಲ್ಲಿ ಇನ್ನೊಂದು ಸಾಲು ಟಪ್ಪೆಂದು ಬಿತ್ತು. "ಈಗ ಕಾಲಂ ನೋಡಿ ಸಾರ್" ಎಂದೆ. ಇರಲಿಲ್ಲ.

ಯಜಮಾನರು ಪರದೆಯ ಹತ್ತಿರ ಬಗ್ಗಿ ನೋಡಿದರು. ಆಮೇಲೆ ಗೋಡೆಯ ಮೇಲಿನ ದೇವರ ಫೋಟೋದ ಕಡೆ ತಿರುಗಿ, ಗಲ್ಲ ಗಲ್ಲ ಬಡಿದುಕೊಂಡು, "ತಪ್ಪಾಯ್ತಪ್ಪ ಸ್ವಾಮಿ, ಗೊತ್ತಿಲ್ದೆ ಆಯ್ತು" ಎಂದರು. ಮ್ಯಾನೇಜರೂ ಹಿಂದೆಯೇ ಕೈ ಮುಗಿದರು. ಹುಡುಗಿ ಫೋಟೋದ ಪಕ್ಕದಲ್ಲೇ, ಒಂದು ಮೊಳ ದೂರದಲ್ಲಿ ನಿಂತಿದ್ದಳು. ಅವಳ ಕಡೆ ಇಬ್ಬರೂ ತಿರುಗಲಿಲ್ಲ. "ಸಾಯಂಕಾಲ ಬಂದು ಆ ಪೇಪರ್ ಸೈನ್ ಮಾಡಮ್ಮ" ಎಂದು ಮ್ಯಾನೇಜರ್ ಹೋಗುತ್ತ ಹೋಗುತ್ತ ಹೇಳಿದರು, ಕ್ಯಾಂಟೀನಿನಲ್ಲಿ ಇವತ್ತು ಪಾಯಸ ಇದೆ ಎನ್ನುವ ಧಾಟಿಯಲ್ಲಿ.

ಮರುದಿನವೇ ಒಂದೇ ಮನೆಯವರಿಗೆ ಬೇರೆ ಬೇರೆ ಬೀಗ ಹಾಕಿದೆ. ಈ ಸಲ ಮ್ಯಾನೇಜರ್ ತುಟಿ ಪಿಟಕ್ಕೆನ್ನಲಿಲ್ಲ. ಲೇಬಲ್ ಕಂಪ್ಯೂಟರಿಗೆ ಕೊಟ್ಟ ಲಾಗಿನ್ನಿಗೆ ಸಾಸಿವೆ ಹಾಕುವ, ತೆಗೆಯುವ ಹಕ್ಕುಂಟು, ಡಬ್ಬಿ ಮುಟ್ಟುವ ಹಕ್ಕಿಲ್ಲ. ಪ್ರೋಗ್ರಾಮನ್ನು ಬದಲಾಯಿಸಲು ಯಜಮಾನರು ಒಪ್ಪುವುದಿಲ್ಲ. ಅದಕ್ಕೇ ಈಗಲೂ ಪ್ರತಿ ಅಮಾವಾಸ್ಯೆ ಮಂಗಳಾರತಿ ಮುಗಿದ ಮೇಲೆ ಆ ಹಳೆಯ ಕಂಪ್ಯೂಟರ್ ಎದ್ದು ಕಾಲಂ ತೆಗೆಯಲು ನೋಡುತ್ತದೆ, ಸರ್ವರ್ ಆಗುವುದಿಲ್ಲ ಎನ್ನುತ್ತದೆ, ಪರದೆಯ ಮೇಲೆ ಒಂದು ಎರರ್ ಬರುತ್ತದೆ. ಯಜಮಾನರು ಭಕ್ತಿಯಿಂದ ಓಕೆ ಒತ್ತುತ್ತಾರೆ. ಜನ ಚಪ್ಪಾಳೆ ತಟ್ಟುತ್ತಾರೆ.

ಇದಕ್ಕೆಲ್ಲ ಮೊದಲು, ಅಮಾವಾಸ್ಯೆಯ ದಿನ ಸಹಿ ಹಾಕಿ ಬಂದ ಸಂಜೆ ಹುಡುಗಿ ನನ್ನ ಮೇಜಿನ ಪಕ್ಕ ಕೂತಳು. ಅವಳನ್ನು ನಗಿಸಬೇಕೆಂದು, "ಆಯ್ತಲ್ಲಮ್ಮ ಪರ್ಮನೆಂಟು, ಇನ್ನು ಬಾಯಿ ಬಿಡು" ಎಂದೆ. ಅವಳು ನಗಲಿಲ್ಲ. ಕಳ್ಳ ಸಿಕ್ಕಿದ ಮೇಲೆ ಇದೆಲ್ಲ ಯಾಕೆ, ಲಾಗನ್ನು ಮೊದಲಿನ ಹಾಗೆ ಸುಮ್ಮನಾಗಿಸಿಬಿಡಲೇ ಎಂದು ಕೇಳಿದೆ.

"ಬೇಡ ಅಕ್ಕ, ಇರ್ಲಿ" ಎಂದಳು. "ಮ್ಯಾನೇಜರಿಗೆ ಹೇಳ್ದೆ ನಾನಲ್ಲ ಅಂತ. ದೊಡ್ಡ ಸಾರಿಗೆ ಹೇಳ್ದೆ. ನಿಮಗೂ ಹೇಳ್ದೆ. ನೀವೂ ನೋಡೋಣ ಬಿಡು ಅಂದ್ರಿ. ಅದು ಒಂದೇ ಸಲ ಹೇಳ್ತು, ಎಲ್ರೂ ನಂಬಿದ್ರಿ. ನನ್ ಪರವಾಗಿ ಮಾತಾಡೋಕೆ ಅದಾದ್ರೂ ಇರ್ಲಿ."

ಅವಳು ಇನ್‌ಹೇಲರನ್ನು ಬ್ಯಾಗಿನಿಂದ ತೆಗೆದು, ಮೊದಲ ಸಲ ಎಲ್ಲರಿಗೂ ಕಾಣುವ ಹಾಗೆ ಮೇಜಿನ ಮೇಲಿಟ್ಟು, ಹೀಟ್ ನಂಬರುಗಳನ್ನು ಮತ್ತೆ ಟೈಪ್ ಮಾಡತೊಡಗಿದಳು. ನಾನು ಸೆಟ್ಟಿಂಗ್ ಫೈಲನ್ನು ಮುಟ್ಟದೆ ಮುಚ್ಚಿದೆ, ಅರ್ಧ ಸರ್ಟಿಫಿಕೇಟುಗಳನ್ನು ನನ್ನ ಕಡೆ ಎಳೆದುಕೊಂಡೆ.